ಮೇನ್ ಸ್ವಿಚ್ಚಿನ ಎದುರು ನಿಂತ ಅಕ್ಕ

ಹೊಸಂಗಡಿಯ ನಮ್ಮ ಬಟ್ಟೆ ಅಂಗಡಿಗೆ ವಿದ್ಯುತ್ ಸುರಕ್ಷತೆಯ ತಪಾಸಣೆಗೆ ಬರುತ್ತಿದ್ದ ಇನ್‌ಸ್ಪೆಕ್ಟರು, ಬೆವರು ಒರೆಸಲು ತೆಗೆದ ಕನ್ನಡಕವನ್ನು ಜೇಬಿನಲ್ಲೇ ಮರೆತುಬಿಡುವವರು. "ಕರೆಂಟಿಗೆ ದಾಕ್ಷಿಣ್ಯ ಇಲ್ಲ ಮಾರಾಯ್ರೆ" ಎಂದು ಪ್ರತಿ ಸ್ವಿಚ್ಚಿನ ಹತ್ತಿರವೂ ಹೇಳುತ್ತಿದ್ದರು.

ಒಮ್ಮೆ ನಾವು ಸೀರೆ ಉಡಿಸಿದ ಗೊಂಬೆಯನ್ನು ಮೇನ್ ಸ್ವಿಚ್ಚಿಗೆ ಅಡ್ಡವಾಗಿ ನಿಲ್ಲಿಸಿದ್ದೆವು. ಅವರು ಅದರ ಮುಂದೆ ನಿಂತು, "ಅಕ್ಕಾ, ಸ್ವಲ್ಪ ಆಚೆ ನಿಲ್ತೀರಾ?" ಎಂದರು. ಕಾದರು. "ನಿಮ್ಮ ಒಳ್ಳೇದಕ್ಕೇ ಹೇಳುವುದು ಅಕ್ಕಾ" ಎಂದು ಮತ್ತೂ ಕಾದರು. ನಿಜ ಹೇಳಿದರೆ ಅವಮಾನವಾಗಿ ಕರೆಂಟೇ ಕಡಿಸಿಯಾರೆಂದು ಹೆದರಿ ನಾನು ಬಾಯಿ ಬಿಡಲಿಲ್ಲ.

ಮೂರನೆಯ ದಿನ, ನಮ್ಮ ಗಡಿನಾಡಿಗೆ ಬರುವ ಎಲ್ಲ ಸರಕಾರಿ ಕಾಗದಗಳಂತೆ ಮಲಯಾಳದಲ್ಲಿ, ನೋಟಿಸು ಬಂತು. ಮೇನ್ ಸ್ವಿಚ್ಚಿನ ಎದುರು ಮಹಿಳಾ ಸಿಬ್ಬಂದಿಯೊಬ್ಬರು ನಿಂತಿದ್ದು, ವಿನಂತಿಸಿದರೂ ಸರಿಯಲಿಲ್ಲ ಎಂದಿತ್ತು. ಜಾಗ ತೆರವಾಗದಿದ್ದರೆ ಕರೆಂಟು ಕಡಿತ.

ಗೊಂಬೆಯನ್ನು ಷೋಕೇಸಿಗೆ ಸಾಗಿಸಿದೆವು. ಮತ್ತೆ ಬಂದ ಅವರು ಖಾಲಿ ಜಾಗ ನೋಡಿ ಸಹಿ ಹಾಕಿದರು. ಆಮೇಲೆ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: "ನನ್ನಿಂದಾಗಿ ಆ ಅಕ್ಕನ ಕೆಲಸಕ್ಕೆ ಎಂತ ತೊಂದರೆ ಆಗ್ಲಿಲ್ಲ ಅಲ್ವಾ?"

"ಇಲ್ಲ ಸಾರ್, ಕೆಲಸ ಉಂಟು. ಈಗ ಷೋಕೇಸಿನಲ್ಲಿ ನಿಲ್ಲುವುದು."

ಅವರು ನಿರಾಳವಾಗಿ ಉಸಿರುಬಿಟ್ಟು ಹೊರಗಿಳಿದರು. ಷೋಕೇಸಿನ ಎದುರು ನಿಂತು, ಒಳಗಿದ್ದ ಐದೂ ಗೊಂಬೆಗಳಿಗೆ ಒಂದೊಂದಾಗಿ ಕೈಮುಗಿದು ಜೀಪು ಹತ್ತಿದರು.