ನೀರು ಬಾರದ ಊರಿನಲ್ಲಿ ಹಾಲುಕ್ಕಿಸಿದವರು

ಡಲ್ಲಾಸ್ ಬಳಿಯ ಲಿಟಲ್ ಎಲ್ಮ್‌ನಲ್ಲಿ ಹೊಸ ಮನೆಯೊಂದನ್ನು ನೋಡಲು ಹೋದಾಗ, ಹಸಿ ಬಣ್ಣದ ವಾಸನೆಗೆ, ಹಿಂದೆ ಹೂಸ್ಟನ್‌ನ ಕ್ಲಿಯರ್ ಲೇಕ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್ ನೆನಪಾದರು. ಧಾರವಾಡದವರು, ನಿವೃತ್ತ ಇಂಜಿನಿಯರ್. ಮುಖ ಸರಿಯಾಗಿ ನೆನಪಿಲ್ಲ. ಈಗ ಕಾಣುವ ಮೀಸೆಯನ್ನು ನಾನೇ ಅಂಟಿಸಿರಬಹುದು...

ತೊಂಬತ್ತರ ದಶಕದ ಕೊನೆಯಲ್ಲಿ ಕಂಪನಿಯೊಂದು ಪಶ್ಚಿಮ ಟೆಕ್ಸಸ್‌ನ ಮರುಭೂಮಿಯಲ್ಲಿ ಹೊಸ ಊರು ಕಟ್ಟಲು ಹೊರಟಿತು. ನಕ್ಷೆಯಲ್ಲಿ ಶಾಲೆ, ಲೈಬ್ರರಿ, ನಡುವೆ ಕೆರೆ. ಅಂಕಲ್ ಎಲ್ಲರಿಗಿಂತ ಮೊದಲು ಮನೆ ಕಟ್ಟಿಸಿದರು. "ಇವರು ಕೆರಿ ನೋಡಿ ಬಂದಾರ್ರಿ, ಕಾಗದದ ಮ್ಯಾಲ," ಎಂದು ಆಂಟಿ ನಗುತ್ತಿದ್ದರು.

ಗೃಹಪ್ರವೇಶದ ಹೊತ್ತಿಗೂ ನಲ್ಲಿಗೆ ನೀರು ಬಂದಿರಲಿಲ್ಲ. ಮುಂದಕ್ಕೆ ಹಾಕಿ ಎಂದೆವು.

"ನೀರು ಬರಲಿಲ್ಲಂತ ಮುಹೂರ್ತ ಕಾಯ್ತದೇನ್ರಿ? ಡಿಕ್ಕಿಯೊಳಗ ಹಾಕ್ಕೊಂಡು ಹೋಗೋಣು," ಎಂದರು ಅಂಕಲ್.

ಹೂಸ್ಟನ್‌ನಿಂದ ಕ್ಯಾನುಗಳಲ್ಲಿ ನೀರು ಒಯ್ದೆವು. ಕ್ಯಾಂಪಿಂಗ್ ಒಲೆಯ ಮೇಲೆ ಹಾಲು ಪೂರ್ವಕ್ಕೇ ಉಕ್ಕಿತು. ತಾನಾಗಿ ಉಕ್ಕಿತೆ? ಅಂಕಲ್ ಪಾತ್ರೆಯನ್ನು ಒಂದಿಷ್ಟು ವಾಲಿಸಿದ್ದನ್ನು ಕಂಡ ನೆನಪೂ ಇದೆ. ಯಾವುದು ನಿಜವೆಂದು ಹೇಳಲಾರೆ. ಒಳ್ಳೆಯ ಶಕುನವೆಂದು ಡಲ್ಲಾಸ್, ಆಸ್ಟಿನ್‌ಗಳಿಂದ ಬಂದಿದ್ದ ಮೂರು ಕುಟುಂಬಗಳು ಅಲ್ಲೇ ಸೈಟು ಕೊಂಡು ಮನೆ ಕಟ್ಟಿದವು.

ಕೆಲವು ವರ್ಷ ಅದು ಊರಿನಂತೆಯೇ ಇತ್ತು. ಅಂಗಡಿ, ಬೀದಿದೀಪ, ಶಾಲೆಯಲ್ಲಿ ಮಕ್ಕಳ ಗದ್ದಲ. ಆಮೇಲೆ ಬೋರ್‌ವೆಲ್‌ಗಳಲ್ಲಿ ಉಪ್ಪುನೀರು ಬಂತು, ಕಂಪನಿ ಕೈಯೆತ್ತಿತು. ಶಾಲೆ ಮುಚ್ಚಿತು, ಜನ ಹೊರಟರು. ಬೇರೆ ಕಡೆ ಕೆಲಸ ಸಿಗದೆ ಆ ಮೂರು ಕುಟುಂಬಗಳು ಸಿಕ್ಕಿಬಿದ್ದವು. ಅಂಕಲ್‌ಗಾದರೆ ಕ್ಲಿಯರ್ ಲೇಕ್‌ನ ಮನೆ ಇನ್ನೂ ಇತ್ತು. ಬಂದುಬಿಡಿ ಎಂದೆ.

"ನಾ ಉಕ್ಕಿಸಿದ ಹಾಲು ನೋಡಿ ಬಂದಾರವರು. ಅವರು ಹೋಗೂತನಕಾ ನಾ ಹೆಂಗ ಹೋಗ್ಲಿ?"

"ಉಕ್ಕಿಸಿದ್ದು ಗಾಳಿ ಅಂತ ಹೇಳ್ರಿ ಅವರಿಗೆ," ಎಂದರು ಆಂಟಿ. ಆದರೂ ಪಿಕಪ್‌ನಲ್ಲಿ ಪಕ್ಕ ಕುಳಿತೇ ಹೋಗುತ್ತಿದ್ದರು. ದೂರದ ಪಟ್ಟಣದಿಂದ ಟ್ಯಾಂಕಿನಲ್ಲಿ ನೀರು ತಂದು ಇಬ್ಬರೂ ಆ ಮೂರು ಬಾಗಿಲುಗಳಿಗೆ ಹಂಚುತ್ತಿದ್ದರು. ಬೇಸಗೆಯಲ್ಲೂ, ಅಂಕಲ್‌ಗೆ ಎದೆನೋವು ಶುರುವಾದ ಮೇಲೂ... ಕೊನೆಯ ಕುಟುಂಬದ ಸಾಮಾನಿನ ಗಾಡಿ ಶುಗರ್ ಲ್ಯಾಂಡ್‌ಗೆ ಹೊರಟ ಮೇಲೆಯೇ ಅವರು ತಮ್ಮ ಮನೆಗೆ ಬೀಗ ಹಾಕಿದ್ದು.

ಈಗ ಅಂಕಲ್ ಇಲ್ಲ. ಈಚೆಗೆ ಆ ದಾರಿಯಲ್ಲಿ ಡ್ರೈವ್ ಮಾಡುವಾಗ ಊರಿನೊಳಗೆ ತಿರುಗಿದೆ. ಬೀದಿಗಳ ಮೇಲೆ ಮರಳು; ಉಳಿದಿರುವ ಮನೆಗಳೆಲ್ಲ ಒಂದೇ ಅಚ್ಚಿನವು. ಅಂಕಲ್‌ದು ಯಾವುದೆಂದು ಎಷ್ಟು ಸುತ್ತಿದರೂ ತಿಳಿಯಲಿಲ್ಲ. ಆಗೆಲ್ಲ ನಾನು ಮನೆಯ ಗುರುತು ಇಟ್ಟುಕೊಂಡಿರಲೇ ಇಲ್ಲ. ಬಾಗಿಲಲ್ಲಿ ಅವರೇ ನಿಂತಿರುತ್ತಿದ್ದರು.