ಹೇನು ಹೆಕ್ಕುವ ರಾಜಮ್ಮಾಳ್

ಹೇನು ಅಂದ ಕೂಡಲೆ ಮೂಗು ಮುರಿಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಏನಪ್ಪ, ನಿಮ್ಮ ತಲೆಯಲ್ಲಿ ಯಾವತ್ತೂ ಒಂದೂ ಓಡಾಡಿಲ್ವಾ? ನಿಮ್ಮವ್ವ ನಿಮ್ಮನ್ನು ಮೊಣಕಾಲ ಸಂದಿಯಲ್ಲಿ ಕೂರಿಸಿಕೊಂಡು, ಕತ್ತು ಬಗ್ಗಿಸಿ, ಕಿವಿ ಹಿಂದೆ ಬಾಚಣಿಗೆ ಎಳೆದದ್ದು ಮರೆತೇ ಹೋಯ್ತಾ? ಇರಲಿ. ನಾನು ಹೇಳಹೊರಟಿರುವುದು ನನ್ನ ಸೋದರತ್ತೆ ರಾಜಮ್ಮಾಳ್ ಕತೆ. ಸಿಟ್ಟಿಲ್ಲದೆ ಹೇಳು ಅಂದರೆ ನನ್ನ ಕೈಲಿ ಆಗಲ್ಲ.

ನಮ್ಮೂರು ತೇನಿ ಕಡೆ ಕಣಿವೆಯ ಮಾರ್ಕಯನ್‌ಕೋಟ್ಟೈ. ಬೀದಿಗಿಳಿದರೆ ತಮಿಳು, ಒಲೆ ಮುಂದೆ ಕೂತರೆ ಕನ್ನಡ. ನಾನು ಮನೆಯಲ್ಲೇ ಬ್ಲೌಸು, ಲಂಗ ಹೊಲಿಯುತ್ತೇನೆ. ಎದುರು ಮನೆ ಅತ್ತೆಯದು. ಅವಳ ಮಗ ಎಳಿಲ್‌ಗೆ ದ್ರಾಕ್ಷಿ ತೋಟ. ಸೊಸೆ ಕಾರ್ತಿಕಾ ಚಿನ್ನಮನೂರಿನಲ್ಲಿ ಜವಳಿ ಅಂಗಡಿಯ ಲೆಕ್ಕ ನೋಡುತ್ತಾಳೆ. ಮೊಮ್ಮಗಳು ಯುವಶ್ರೀ ನಾಲ್ಕನೇ ಕ್ಲಾಸು, ಅವಳಿಗೆ ನಾನು ಅತ್ತೆ.

ಮಧ್ಯಾಹ್ನ ಉಂಡು ಪಾತ್ರೆ ತೊಳೆದ ಮೇಲೆ ಬೀದಿಯ ಹೆಂಗಸರೆಲ್ಲ ಅತ್ತೆ ಮನೆ ಮುಂದಿನ ಜಗಲಿ, ನಮ್ಮ ಕಡೆ ತಿಣ್ಣೆ ಅಂತೀವಿ, ಅದರ ಮೇಲೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕೂರುತ್ತಿದ್ದರು. ಒಬ್ಬಳ ತಲೆ ಹಿಂದಿನವಳ ಕೈಯಲ್ಲಿ, ಅವಳ ತಲೆ ಅವಳ ಹಿಂದಿನವಳ ಕೈಯಲ್ಲಿ. ಕಟ್ಟಕಡೆಗೆ ಗೋಡೆಗೊರಗಿ ರಾಜಮ್ಮಾಳ್. ಅವಳ ಹಿಂದೆ ಯಾರೂ ಇಲ್ಲ. ಅವಳ ತಲೆಗೆ ಹತ್ತೋ ಧೈರ್ಯ ಯಾವ ಹೇನಿಗೂ ಇಲ್ಲ ಅಂತ ನಾವು ನಗುತ್ತಿದ್ದೆವು. ಊರಿನ ಅರ್ಧ ಜಗಳ ತೀರ್ಮಾನವಾಗುತ್ತಿದ್ದದ್ದು ಆ ತಿಣ್ಣೆಯ ಮೇಲೇ. ತಲೆ ಅವಳ ಕೈಯಲ್ಲಿದ್ದಾಗ ಯಾರೂ ಸುಳ್ಳು ಹೇಳುವಂತಿರಲಿಲ್ಲ, ಹೇಳಿದರೆ ಜಡೆ ಹಿಡಿದು ಜಗ್ಗುತ್ತಿದ್ದಳು. ಮಕ್ಕಳ ತಲೆ ಸಿಕ್ಕರೆ ಹಾಡುತ್ತಿದ್ದಳು, ಅವಳೇ ಕಟ್ಟಿದ್ದು:

ಕಪ್ಪು ಕಾಡಿನ ಹೇನಪ್ಪ,
ಕಿವಿಯ ಹಿಂದೆ ಮನೆಯಪ್ಪ,
ಉಗುರು ಬಂತು ಓಡಪ್ಪ,
ಓಡಿದ್ರೂ ನಾ ಬಿಡೆನಪ್ಪ!

'ಬಿಡೆನಪ್ಪ' ಅನ್ನುವ ಹೊತ್ತಿಗೆ ಎರಡು ಉಗುರಿನ ನಡುವೆ ಚಟ್ ಅನ್ನಬೇಕು. ಯುವಶ್ರೀ ಕಿಲಕಿಲ ನಗುತ್ತಿದ್ದಳು. ಆ ಹುಡುಗಿಗೆ ಕನ್ನಡ ಕಿವಿಗೆ ಬಿದ್ದದ್ದೆಲ್ಲ ಹೀಗೆ, ಅಜ್ಜಿ ಮೊಣಕಾಲ ನಡುವೆ ಕೂತು. ಉತ್ತರ ಕೊಡುವುದು ಮಾತ್ರ ತಮಿಳಲ್ಲಿ. ಅವಳ ಕೂದಲು ಸೊಂಟ ಮುಟ್ಟುತ್ತಿತ್ತು. ಇಡೀ ಬೀದಿಯಲ್ಲಿ ಅಂಥ ಕೂದಲು ಯಾರಿಗೂ ಇರಲಿಲ್ಲ, ಅದರ ಜಂಬವೆಲ್ಲ ಅಜ್ಜಿಗೆ.

ಶಾಲೆಯಲ್ಲಿ ವಾರ್ಷಿಕೋತ್ಸವ ಬಂತು. ಕ್ಲಾಸಿನ ಮಿಸ್ ತಾನೇ ಒಂದು ಪದ್ಯ ಬರೆದಿದ್ದಳು, ಹೆಣ್ಣಿನ ಕೂದಲ ಮೇಲೆ. ಅದರಲ್ಲಿ ಮೋಡ ಇತ್ತು, ದುಂಬಿ ಇತ್ತು, ಇರುಳು ಇತ್ತು, ಮಲ್ಲಿಗೆಯಂತೂ ಬುಟ್ಟಿಗಟ್ಟಲೆ ಇತ್ತು. ಉದ್ದ ಕೂದಲಿನ ಹುಡುಗಿಯೇ ಸ್ಟೇಜಿನ ಮೇಲೆ ಹೇಳಬೇಕು ಅಂತ ಯುವಶ್ರೀಯನ್ನು ಆರಿಸಿದಳು. ಮಗು ಊಟ ಮಾಡುವಾಗಲೂ ಪದ್ಯ, ಸ್ನಾನ ಮಾಡುವಾಗಲೂ ಪದ್ಯ. ನಾನು ಗಿಳಿಹಸಿರು ಲಂಗ ಹೊಲಿಯೋಕೆ ಕೂತೆ.

ಶುಕ್ರವಾರ ಅಭ್ಯಾಸ ಮಾಡಿಸುವಾಗ ಮಗುವಿನ ಬೈತಲೆಯಿಂದ ಒಂದು ಹೇನು ಇಳಿದು ಹಣೆಯ ಮೇಲೆ ನಡೆಯಿತು. ಅಷ್ಟೇ. ಹಾವು ಕಂಡವಳ ಹಾಗೆ ಮಿಸ್ ಕಿರುಚಿದಳಂತೆ. ತಲೆಗೆ ಟವೆಲು ಸುತ್ತಿ ಕೊನೆ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದಳು. ಹಿಂದಿನಿಂದ ಒಂದು ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದಳು, 'ಮನೆಯಲ್ಲಿ ಶುಚಿ ಕಾಪಾಡಿ' ಅಂತ. ಮುಖ ಕಾಣದಿದ್ದರೇನು, ಟವೆಲಿನ ಕೆಳಗೆ ಸೊಂಟದವರೆಗೆ ಇಳಿಬಿದ್ದ ಜಡೆ ಯಾರದು ಅಂತ ಎಲ್ಲರಿಗೂ ಗೊತ್ತು. ಸೋಮವಾರ ತಲೆ ಚೊಕ್ಕಟವಾಗಿದ್ದರೆ ಸ್ಟೇಜು, ಇಲ್ಲದಿದ್ದರೆ ಕ್ರಾಪು ಹೊಡೆಸಿಕೊಂಡು ಬಾ ಅಂದು ಕಳಿಸಿದಳು.

ನೀವೇ ಹೇಳಿ. ಎಳಿಲ್ ತೋಟದ ದ್ರಾಕ್ಷಿಗೆ ಹಿಟ್ಟು ತಿಗಣೆ ಹತ್ತಿದಾಗ ಆಫೀಸರು ಜೀಪಿನಲ್ಲಿ ಬಂದರು, ಚಪ್ಪರದ ಕೆಳಗೆ ಮೀಟಿಂಗ್ ಮಾಡಿದರು, ಟೀ ಕುಡಿದರು. ಒಬ್ಬರಾದರೂ 'ಎಳಿಲ್, ನೀನು ಕೊಳಕು, ಅದಕ್ಕೇ ತಿಗಣೆ ಬಂತು' ಅಂದರಾ? ಬಳ್ಳಿಗೆ ಹತ್ತಿದರೆ ರೋಗ, ಹೆಣ್ಣುಮಗುವಿನ ತಲೆಗೆ ಹತ್ತಿದರೆ ಮನೆಯವರ ಕೊಳಕು! ಇನ್ನು ಈ ಕವಿಗಳು. ಕೂದಲಲ್ಲಿ ಮೋಡ ಕಂಡರು, ದುಂಬಿ ಕಂಡರು, ಪಾಪ, ಅದನ್ನು ದಿನಾ ಬಿಡಿಸಿ ಬಾಚುವವಳ ನೋಯುವ ಬೆರಳು ಮಾತ್ರ ಕಾಣಲಿಲ್ಲ. ಮಿಸ್ಸಿಗಂತೂ ತನ್ನ ಪದ್ಯದೊಳಗಿನ ಕೂದಲು ಬೇಕಿತ್ತು, ಮಗುವಿನ ತಲೆ ಮೇಲಿನ ಕೂದಲು ಬೇಡ.

ಶನಿವಾರ ಊಟವಾದದ್ದೇ ತಡ, ಅತ್ತೆ ಮಗುವನ್ನು ಹಿಡಿದು ಕೂತಳು. ಹೊತ್ತು ಇಳಿಯುವವರೆಗೂ ಬಾಚಿದಳು, ಹೆಕ್ಕಿದಳು. 'ಮುಗೀತು, ಒಂದು ಸೀರೂ ಇಲ್ಲ' ಅಂತ ಎದ್ದಳು. ಕೆಲಸದಿಂದ ಬಂದ ಕಾರ್ತಿಕಾ ಮಗಳ ಕಿವಿ ಹಿಂದಿನ ಕೂದಲು ಎತ್ತಿ ನೋಡಿದಳು. ಸೀರು ಎಳ್ಳು ಉದುರಿಸಿದ ಹಾಗೆ ಹಾಗೇ ಇತ್ತು.

"ಅತ್ತೆ, ನಿಮಗೆ ಕಣ್ಣು ಕಾಣಿಸ್ತಿಲ್ಲ," ಅಂದಳು ಮೆಲ್ಲಗೆ.

"ನನ್ನ ಕಣ್ಣಿಗೇನಾಗಿದೆ? ನಿನ್ನಪ್ಪನ ಮನೆ ಹೆಂಗಸರ ತಲೆಯನ್ನೂ ನಾನೇ ನೋಡಿದೀನಿ ಕಣೇ!" ಅಂತ ಅತ್ತೆ ಬೀದಿಗೆ ಕೇಳೋ ಹಾಗೆ ಕೂಗಿದಳು.

ಕಣ್ಣಿಗೆ ಪೊರೆ ಬಂದಿತ್ತು. ಬೆರಳ ತುದಿಯಲ್ಲಿ ತಡವಿ ತಡವಿ ಇಷ್ಟು ದಿನ ಸಾಗಿಸಿದ್ದಳು, ಯಾರಿಗೂ ಹೇಳಿರಲಿಲ್ಲ. ಹೇನು ಹೆಕ್ಕೋಕೆ ಬಾರದ ರಾಜಮ್ಮಾಳ್ ಹತ್ತಿರ ತಲೆ ಕೊಟ್ಟು ಯಾರು ಕೂರುತ್ತಾರೆ ಅನ್ನೋ ಭಯ ಅವಳಿಗೆ. ಆ ಸಂಜೆ ಅವಳು ಊಟ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಎಳಿಲ್, ಕಾರ್ತಿಕಾ ಇಬ್ಬರೂ ತೇವಾರಂನಲ್ಲಿ ನೆಂಟರ ಹುಡುಗಿ ದೊಡ್ಡವಳಾದ ಶಾಸ್ತ್ರಕ್ಕೆ ಹೋದರು. ಇವರು ಅತ್ತ ಹೋದದ್ದೇ ಅತ್ತೆ ಪಂಪ್‌ಸೆಟ್ ರೂಮಿನಿಂದ ತೋಟದ ಹುಳದ ಮದ್ದಿನ ಬಾಟಲಿ ತಂದಳು. ಕೊಬ್ಬರಿ ಎಣ್ಣೆಗೆ ಬೆರೆಸಿ ಮಗುವಿನ ತಲೆಗೆ ತಿಕ್ಕಿ ಬಟ್ಟೆ ಬಿಗಿದಳು.

ಬಾಯಿ ಕಳೆದು ನೋಡಬೇಡಿ. ಈ ಕಣಿವೆಯಲ್ಲಿ ಇದೇನು ಹೊಸದಲ್ಲ. ಮನೆಗೆ ಇರುವೆ ಬಂದರೆ ಅದೇ ಬಾಟಲಿ, ಮಂಚಕ್ಕೆ ತಿಗಣೆ ಬಂದರೆ ಅದೇ ಬಾಟಲಿ, ತಲೆಗೆ ಹೇನು ಬಂದರೆ ಅದರಲ್ಲೇ ನಾಲ್ಕು ಹನಿ. ಬಳ್ಳಿಗೆ ಹೊಡೆಯುವ ಗಂಡಸು ಮೂಗಿಗೆ ಟವೆಲು ಕಟ್ಟುತ್ತಾನೆ, ಗಾಳಿ ಯಾವ ಕಡೆ ಅಂತ ನೋಡುತ್ತಾನೆ. ಮಗುವಿನ ನೆತ್ತಿಗೆ ಸುರಿಯುವಾಗ ಯಾರೂ ಏನೂ ನೋಡಲ್ಲ. ನಮಗೂ ಚಿಕ್ಕಂದಿನಲ್ಲಿ ಹಚ್ಚಿದ್ದರು, ನಾವೇನು ಸತ್ತೋದ್ವಾ ಅಂತಾರೆ. ಸತ್ತವರು ಬಂದು ಹೇಳುತ್ತಾರಾ?

ಮಗು ತಲೆಗೆ ಬಟ್ಟೆ ಕಟ್ಟಿಕೊಂಡೇ ಲಂಗ ಹಾಕಿ ನೋಡೋಕೆ ನಮ್ಮ ಮನೆಗೆ ಓಡಿ ಬಂತು. ಸೊಂಟದ ಹತ್ತಿರ ಸಡಿಲ ಇತ್ತು, ನಾನು ಪಿನ್ ಹಾಕುತ್ತಿದ್ದೆ. "ಅತ್ತೆ, ಕಣ್ಣು ಮಂಜು ಮಂಜು," ಅಂತು. ತಲೆಯೆತ್ತಿ ನೋಡಿದರೆ ಬಾಯಿಂದ ಜೊಲ್ಲು ಇಳೀತಿದೆ, ಮುಖವೆಲ್ಲ ಬೆವರು, ಕೆನ್ನೆ ಅದರುತ್ತಿದೆ. ಕಣ್ಣುಪಾಪೆ ಸಾಸಿವೆ ಕಾಳಿನಷ್ಟಾಗಿದೆ. ಹೊಸ ಲಂಗದ ಮೇಲೇ ಭಳ್ ಅಂತ ವಾಂತಿ ಮಾಡಿ ಕುಸೀತು. ಬಟ್ಟೆ ಬಿಚ್ಚಿದೆ, ತೋಟದ ಮದ್ದಿನ ಘಾಟು ಮುಖಕ್ಕೆ ಹೊಡೀತು.

"ಏನೇ ಹಚ್ಚಿದೆ, ಪಾಪಿ ಮುಂಡೇ!" ಅಂತ ಸ್ವಂತ ಅತ್ತೆಗೆ ಬೈದೆ. ಆಗ ಬೇರೆ ಮಾತು ಬಾಯಿಗೆ ಬರಲಿಲ್ಲ. ಅತ್ತೆ ಓಡಿ ಬಂದವಳು ಕಲ್ಲಾಗಿ ನಿಂತುಬಿಟ್ಟಳು. ನಾನೇ ಮಗುವನ್ನು ತೊಟ್ಟಿಗೆ ಎತ್ತಿಕೊಂಡು ಹೋಗಿ ಸೋಪು ಹಚ್ಚಿ ನೀರು ಸುರಿದೆ. ಆಮೇಲೆ ಅತ್ತೆಯೂ ಸುರಿದಳು, ಅಳುತ್ತಾ, ತನ್ನನ್ನೇ ಶಪಿಸಿಕೊಳ್ಳುತ್ತಾ. ಆಟೋ ಹಿಡಿದು ಚಿನ್ನಮನೂರು, ಅಲ್ಲಿಂದ ಆಂಬುಲೆನ್ಸಿನಲ್ಲಿ ತೇನಿ ದೊಡ್ಡಾಸ್ಪತ್ರೆ. ದಾರಿಯುದ್ದಕ್ಕೂ ಅತ್ತೆ ಮಗುವಿನ ಪಾದ ಹಿಡಿದುಕೊಂಡಿದ್ದಳು.

ಉಳಿಯಿತು. ಉಳಿಯುತ್ತೋ ಇಲ್ಲವೋ ಅಂತ ಎರಡು ದಿನ ವಾರ್ಡಿನ ಬಾಗಿಲಲ್ಲೇ ಕೂತಿದ್ದೆವು, ಆಮೇಲೆ ಉಳಿಯಿತು. ಮದ್ದು ಕೂದಲಿನ ಬುಡದಲ್ಲೆಲ್ಲ ಕೂತಿದೆ, ತೆಗೆಯಲೇಬೇಕು ಅಂತ ಹೋದ ಮೊದಲ ದಿನವೇ ನರ್ಸು ತಲೆ ಬೋಳಿಸಿದ್ದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬೈಯಲಿಲ್ಲ. ನೆತ್ತಿಯ ಚರ್ಮ ವಿಷ ಹೀರಿಕೊಳ್ಳುತ್ತದೆ, ಮಕ್ಕಳದು ಇನ್ನೂ ಬೇಗ, ಬಟ್ಟೆ ಬಿಗಿದರೆ ಮತ್ತೂ ಬೇಗ ಅಂತ ಬಿಡಿಸಿ ಹೇಳಿದರು. ಹೇನಿನ ವಿಷಯಾನೂ ಹೇಳಿದರು. ಅದಕ್ಕೆ ಹಾರೋಕೆ ಬರಲ್ಲ, ನೆಗೆಯೋಕೆ ಬರಲ್ಲ. ಮಕ್ಕಳು ತಲೆಗೆ ತಲೆ ತಾಗಿಸಿ ಕೂತಾಗ ನಡೆದುಕೊಂಡು ಹೋಗುತ್ತದೆ. ಅದಕ್ಕೆ ಬೇಕಿರುವುದು ರಕ್ತ, ತೊಳೆದ ತಲೆ ತೊಳೆಯದ ತಲೆ ಅಂತ ಅದು ನೋಡಲ್ಲ. "ಇದರಲ್ಲಿ ನಾಚಿಕೆ ಏನಮ್ಮ?" ಅಂದರು. ಆ ಮಾತು ಶುಕ್ರವಾರವೇ ಯಾರಾದರೂ ಹೇಳಿದ್ದರೆ!

ಕಾರ್ತಿಕಾ ಅತ್ತೆಗೆ ಒಂದೇ ಮಾತು ಹೇಳಿದಳು, "ಇನ್ನು ನನ್ನ ಮಗಳ ತಲೆ ಮುಟ್ಟಬೇಡಿ." ಮಧ್ಯಾಹ್ನದ ತಿಣ್ಣೆ ಖಾಲಿಯಾಯಿತು, ಅತ್ತೆ ಬಾಗಿಲು ಮುಚ್ಚಿಕೊಂಡು ಒಳಗೇ ಇರುತ್ತಿದ್ದಳು. ಶಾಲೆಗೂ ಬೀದಿಗೂ ಜ್ವರ ಅಂತ ಹೇಳಿದ್ದರು. ಹೊರಗೆ ಗೊತ್ತಾದರೆ ಮನೆ ಮಾನ ಹೋಗುತ್ತದೆ, ಯಾರೂ ಬಾಯಿ ಬಿಡಕೂಡದು ಅಂತ ಎಳಿಲ್ ನನ್ನ ಹತ್ತಿರವೂ ಮಾತು ತಗೊಂಡ. ವಾರ್ಷಿಕೋತ್ಸವ ಮುಗಿದುಹೋಗಿತ್ತು. ಪದ್ಯವನ್ನು ಬೇರೆ ಹುಡುಗಿ ಹೇಳಿದಳಂತೆ.

ಮಗು ಮತ್ತೆ ಶಾಲೆಗೆ ಹೊರಟ ದಿನ ಕಾರ್ತಿಕಾಗೆ ರಜೆ ಸಿಗಲಿಲ್ಲ, ಬಿಟ್ಟು ಬರೋಕೆ ನಾನು ಹೋದೆ. ಬಸ್ ಸ್ಟಾಪಿನಲ್ಲಿ ನೋಡಿದರೆ ಅತ್ತೆ ನಿಂತಿದ್ದಾಳೆ. ನೀನ್ಯಾಕೆ ಅಂದೆ. "ದೂರದಲ್ಲೇ ನಿಂತ್ಕೋತೀನಿ," ಅಂದಳು. ಮಗುವೇ ಹೋಗಿ ಅವಳ ಕೈ ಹಿಡಿಯಿತು.

ಕ್ಲಾಸಿನ ಬಾಗಿಲಿಗೆ ಮಿಸ್ ಬಂದಳು. ಮಗು ತಲೆಗೆ ಕಟ್ಟಿದ್ದ ಸ್ಕಾರ್ಫನ್ನು ಹೇಳದೆ ಕೇಳದೆ ತೆಗೆದುಬಿಟ್ಟಳು. ಬೋಳುತಲೆ ಕಂಡು ಅವಳ ಮುಖ ಅರಳಿತು. ಮಗುವನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ನೋಡಿ ಮಕ್ಕಳೇ, ಯುವಶ್ರೀ ಎಷ್ಟು ಚೊಕ್ಕಟವಾಗಿ ಬಂದಿದ್ದಾಳೆ! ತಲೆ ಕೆರೆದುಕೊಳ್ಳುವವರೆಲ್ಲ ಮನೆಯಲ್ಲಿ ಹೇಳಿ, ಹೀಗೇ ಏನಾದರೂ ಮಾಡಿಸಿ. ಎಲ್ಲರೂ ಚಪ್ಪಾಳೆ ತಟ್ಟಿ," ಅಂದಳು.

ಮಕ್ಕಳು ಚಪ್ಪಾಳೆ ತಟ್ಟಿದವು. ಮಗು ತಲೆ ತಗ್ಗಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಚಪ್ಪಲಿ ಸಮೇತ ಒಳಗೆ ನುಗ್ಗಿದ್ದಳು.

"ನಿಲ್ಸಿ!" ಅಂದಳು. ತಮಿಳಿನಲ್ಲಿ, ತಿಣ್ಣೆ ಮೇಲಿನ ಅದೇ ಗಂಟಲಲ್ಲಿ. ಚಪ್ಪಾಳೆ ನಿಂತಿತು.

"ಇದು ಚೊಕ್ಕಟ ಅಲ್ಲ. ಇದಕ್ಕೆ ಜ್ವರಾನೂ ಬಂದಿರಲಿಲ್ಲ. ನೀವು ಸ್ಟೇಜಿಗೆ ಹತ್ತಿಸಲ್ಲ ಅಂದ್ರಿ ಅಂತ ನಾನು ತೋಟದ ಮದ್ದು ಹಚ್ಚಿದೆ. ನನಗೆ ಕಣ್ಣು ಕಾಣಲ್ಲ, ಅದನ್ನ ಹೇಳೋಕೆ ನಾಚಿಕೆಯಾಯ್ತು, ಅದಕ್ಕೇ ಹಚ್ಚಿದೆ. ಈ ಮಗು ನನ್ನ ಕೈಯಲ್ಲೇ ಸತ್ತುಹೋಗ್ತಿತ್ತು, ಕೇಳಿಸ್ತಾ ಮಿಸ್? ಸತ್ತುಹೋಗ್ತಿತ್ತು!"

ಮಿಸ್ ಮುಖ ಬಿಳಿಚಿಕೊಂಡಿತು. "ನಾನು ಮದ್ದು ಹಚ್ಚಿ ಅಂತ ಹೇಳಿರಲಿಲ್ಲವಲ್ಲ ಅಮ್ಮಾ..." ಅಂದಳು.

"ಹೇಳಿಲ್ಲ. ಕೊನೆ ಬೆಂಚಲ್ಲಿ ಕೂರಿಸಿದ್ರಿ. ಫೋಟೋ ಹಾಕಿದ್ರಿ. ಮೂರು ದಿನದಲ್ಲಿ ಬಾ ಅಂದ್ರಿ. ಇನ್ನೇನು ಹೇಳಬೇಕಿತ್ತು?" ಅಂದವಳು ಮಕ್ಕಳ ಕಡೆ ತಿರುಗಿದಳು. ದನಿ ಇಳಿಸಿದಳು. "ಕಂದಮ್ಮಗಳಾ, ಯಾರೂ ಬೈಯಲ್ಲ. ನಿಮ್ಮ ಮನೇಲಿ ಯಾರ್ಯಾರ ತಲೆಗೆ ಈ ಮದ್ದು ಹಚ್ಚಿದಾರೆ? ಕೈ ಎತ್ತಿ."

ಮೊದಲು ಕಿಟಕಿ ಹತ್ತಿರದ ಹುಡುಗಿ ಕೈ ಎತ್ತಿದಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೆ ಈ ಸಾಲಿನಲ್ಲಿ ಅವಳಿ ಅಕ್ಕತಂಗಿ ಇಬ್ಬರು. ಇಷ್ಟು ಮನೆಗಳಲ್ಲಿ ಮಾನ ಮುಚ್ಚಿಟ್ಟುಕೊಂಡು ಕೂತಿದ್ದರಲ್ಲ ಜನ, ಒಬ್ಬರಿಗೊಬ್ಬರು ಹೇಳದೆ! ಮಿಸ್ ಕುರ್ಚಿ ಹಿಡಿದುಕೊಂಡಳು.

ನಡುವಿನ ಬೆಂಚಿನಲ್ಲಿ ಎಣ್ಣೆ ಸುರಿಯುವ ಬಿಗಿ ಜಡೆಯ ಹುಡುಗಿಯೊಬ್ಬಳು ಅರ್ಧ ಕೈ ಎತ್ತಿದಳು. ಮೂಗಿನ ತುದಿಯಲ್ಲಿ ಬೆವರು. "ಅಜ್ಜೀ, ನಂಗೆ ಅಮ್ಮ ಈಗ ಬೆಳಿಗ್ಗೇನೇ ಹಚ್ಚಿದ್ರು. ಸ್ಕೂಲಲ್ಲಿ ಹೇಳಬೇಡ ಅಂದಿದಾರೆ," ಅಂತು.

ಅತ್ತೆ ಬೆಂಚುಗಳ ನಡುವೆ ತಡವರಿಸಿಕೊಂಡು ಹೋಗಿ ಆ ಮಗುವನ್ನು ಎತ್ತಿಕೊಂಡೇಬಿಟ್ಟಳು. "ನಲ್ಲಿ ಎಲ್ಲಿದೆ? ಸೋಪು ಎಲ್ಲಿದೆ? ಬಾಯಿ ಬಿಟ್ಕೊಂಡು ನಿಂತ್ಕೋಬೇಡಿ ಮಿಸ್, ಆಂಬುಲೆನ್ಸಿಗೆ ಫೋನ್ ಮಾಡಿ!"

ಮಿಸ್ ಫೋನಿಗಾಗಿ ಚೀಲದಲ್ಲಿ ತಡಕಾಡುತ್ತಿದ್ದಳು. ಬೋರ್ಡಿನ ಮುಂದೆ ನಿಂತಿದ್ದ ಯುವಶ್ರೀ ಸ್ಕಾರ್ಫು ಬಿದ್ದಲ್ಲೇ ಬಿಟ್ಟು, ಬೋಳುತಲೆಯಲ್ಲೇ ಬಾಗಿಲಾಚೆಗೆ ಓಡಿತು. "ಈ ಕಡೆ ಅಜ್ಜಿ, ನಲ್ಲಿ ಈ ಕಡೆ!"