ಕೆಂಪು ಕಾರಿನ ಕ್ಷೇಮಸಮಾಚಾರ

ನಾನು ಕಾರು ಕೊಂಡದ್ದು ಅದರ ಬಣ್ಣ ನೋಡಿ. ಹೀಗೆ ಬಾಯಿಬಿಟ್ಟು ಹೇಳಿದರೆ ನಮ್ಮ ಮನೆಯವರ ಮುಖ ಇವತ್ತಿಗೂ ಗಂಟಾಗುತ್ತದೆ. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದ ಅವರು ಒಂದು ಛತ್ರಿ ಕೊಳ್ಳುವಾಗಲೂ ಅಂಗಡಿಯೊಳಗೇ ಅದನ್ನು ಬಿಚ್ಚಿ, ಕಡ್ಡಿ ಬಗ್ಗಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವವರು. ಅವರ ಹೆಂಡತಿ, ಐವತ್ತು ದಾಟಿದವಳು, ಒಬ್ಬಳೇ ಬನಹಟ್ಟಿಗೆ ಹೋಗಿ ಹಳೆಯದೊಂದು ಕೆಂಪು ಕಾರನ್ನು ಬಾನೆಟ್ ಕೂಡ ಎತ್ತಿಸದೆ ಮಾತು ಮುಗಿಸಿ ಬಂದಳು ಎಂದರೆ ಯಾರಿಗಾದರೂ ಕಷ್ಟವೇ. ಅವತ್ತು ಅವರು ಕೇಳಿದ್ದು ಒಂದೇ ಮಾತು. "ಬಣ್ಣ ಓಡಸ್ತಿಯೋ, ಗಾಡಿ ಓಡಸ್ತಿಯೋ?"

ಖರೆ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ನಾನು ಜಮಖಂಡಿಯಲ್ಲಿದ್ದುಕೊಂಡು ಮುಧೋಳದ ಕಾಲೇಜೊಂದರಲ್ಲಿ ಕನ್ನಡ ಕಲಿಸುವವಳು. ವರ್ಷಗಟ್ಟಲೆ ಬಸ್ಸಿನಲ್ಲೇ ಓಡಾಡಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕ ದಿನ, ಸರ್ರೆಂದು ಮುಂದೆ ಹೋಗುವ ಕಾರುಗಳ ಬೆನ್ನು ನೋಡುತ್ತ ಕೂರುವುದು ನನ್ನ ಗುಟ್ಟಿನ ಸುಖವಾಗಿತ್ತು. ದೊಡ್ಡ ಕಾರುಗಳ ಮೇಲೆ ನನಗೆ ಆಸೆಯಿರಲಿಲ್ಲ. ಡಿಕ್ಕಿಯಿಲ್ಲದ, ಗಿಡ್ಡ, ಹೊಟ್ಟೆ ನೆಲಕ್ಕೆ ಹತ್ತಿದಂತಿರುವ, ಕಾಲೇಜು ಹುಡುಗರು ಓಡಿಸಿದರೆ ಹಿರಿಯರು ಬೈದುಕೊಳ್ಳುವಂಥ ಕಾರುಗಳಿರುತ್ತವಲ್ಲ, ಸ್ಪೋರ್ಟಿ ಹ್ಯಾಚ್‌ಬ್ಯಾಕ್ ಎಂದು ಕರೆಯುತ್ತಾರೆ, ಅಂಥದ್ದೊಂದು ನನ್ನ ಮನಸ್ಸಿನೊಳಗೆ ಬಹಳ ಕಾಲದಿಂದ ಎಂಜಿನ್ ಬಂದ್ ಮಾಡದೆ ನಿಂತಿತ್ತು. ಎಲ್ಲಿಗೂ ಹೋಗಲಿಕ್ಕಲ್ಲ. ಸುಮ್ಮನೆ ಒಮ್ಮೆ ನಾನೂ ಯಾವುದಾದರೂ ಬಸ್ಸಿಗೆ ನನ್ನ ಬೆನ್ನು ತೋರಿಸಬೇಕು ಎಂದು.

ಮಾರಿದವನ ಹೆಸರು ಮಹಾಂತೇಶ. ಬನಹಟ್ಟಿಯಲ್ಲಿ ಸೀರೆಗಳಿಗೆ ವಿನ್ಯಾಸ ಮಾಡುವವನು, ನನ್ನ ಕಡೆಯ ತಮ್ಮನ ವಯಸ್ಸು. ಯಾಕೆ ಮಾರುತ್ತೀ ಎಂದು ಕೇಳಿದ್ದಕ್ಕೆ, ಮನೆಯಲ್ಲಿ ಸ್ಕೂಟರ್ ಇದೆ, ಸಾಕು ಎಂದ. ಕೀಲಿಕೈ ನನ್ನ ಅಂಗೈಯಲ್ಲಿಟ್ಟ ಮೇಲೆ ಅವನು ಕಾರಿನ ಕಡೆ ನೋಡಲಿಲ್ಲ. ಬೀಗರ ಮನೆಗೆ ಮಗಳನ್ನು ಕಳಿಸುವ ತಂದೆಯಂದಿರು ಹೀಗೆಯೇ ಏನೋ ಕೆಲಸ ನೆನಪಾದವರಂತೆ ಒಳಗೆ ಹೋಗಿಬಿಡುತ್ತಾರೆ. ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಗೀತಾಳ ಮುಖದಲ್ಲಿ ಮಾತ್ರ, ಸದ್ಯ ಹೋಯಿತಲ್ಲ ಎಂಬ ನಿರಾಳ ಇತ್ತು. ಹಾಗೆಂದು ನನಗೆ ಆಗ ಅನಿಸಿತು.

ಆಸೆಗೆ ಮನೋರಥ ಎಂದು ಹೆಸರಿಟ್ಟ ಹಿರಿಯರ ಬಗ್ಗೆ ನನಗೆ ಬಹಳ ಗೌರವ. ಆಸೆ ಎಂಬುದು ಒಂದು ಗಾಡಿ ಎಂದು ಅವರಿಗೆ ಎಂದೋ ತಿಳಿದಿತ್ತು. ಆದರೆ ಆ ರಥದ ಕೀಲಿಗೆ ಎಣ್ಣೆ ಹಾಕುವವರು ಯಾರು, ಗಾಲಿ ಸವೆದರೆ ಎಲ್ಲಿ ಸಿಗುತ್ತದೆ, ಕುದುರೆಗೆ ಹುಲ್ಲು ಎಷ್ಟು ಬೇಕು ಎಂಬುದನ್ನು ಯಾವ ನಿಘಂಟೂ ಹೇಳುವುದಿಲ್ಲ. ನನಗೆ ಅದನ್ನು ಮುಧೋಳ ರಸ್ತೆ ಕಲಿಸಿತು. ಈ ಕಾರು ಪೆಟ್ರೋಲನ್ನು ಕುಡಿಯುತ್ತಿರಲಿಲ್ಲ, ಬಾಯಾರಿದ ಎತ್ತಿನಂತೆ ಸೊರ್ರೆಂದು ಎಳೆಯುತ್ತಿತ್ತು. ಅದರ ಅಗಲವಾದ, ತೆಳ್ಳನೆಯ ಟೈರುಗಳು ನಮ್ಮ ರಸ್ತೆಗಳಿಗಾಗಿ ಹುಟ್ಟಿದವಲ್ಲ. ಊರಿಗೊಂದರಂತೆ ಇರುವ ಹಂಪುಗಳ ಮೇಲೆ ಹೋದಾಗಲೆಲ್ಲ ಕೆಳಗಿನಿಂದ ಕರ್ರೆಂದು ಸದ್ದು ಬರುತ್ತಿತ್ತು. ಒಳಗೆ ಕೂತ ನಾನು ನನ್ನದೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದೆ. ಯಾವ ಭಾಗ ಕೆಟ್ಟರೂ ಅದು ಹುಬ್ಬಳ್ಳಿಯಿಂದಲೋ ಪುಣೆಯಿಂದಲೋ ಬರಬೇಕು. ಬರುವತನಕ ಕಾರು ಅಂಗಳದಲ್ಲಿ, ನಾನು ಬಸ್ಸಿನಲ್ಲಿ. ನಮ್ಮವರು ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಛತ್ರಿ ತಂದು ಕೈಗೆ ಕೊಡುತ್ತಿದ್ದರು, ಅಷ್ಟೆ.

ಈ ನಡುವೆ ಮಹಾಂತೇಶನ ಫೋನು ಶುರುವಾಯಿತು. ಮೊದಲು ಕಾಗದಪತ್ರದ ನೆವ, ಆಮೇಲೆ ವಿಮೆಯ ನೆವ, ಆಮೇಲೆ ನೆವವೇ ಇಲ್ಲ. "ಅಕ್ಕಾರ, ಹೆಂಗೈತ್ರಿ ಗಾಡಿ?" ಎನ್ನುತ್ತಿದ್ದ. ನಾನು ಬಾಣಂತಿಯ ಕೋಣೆಯಿಂದ ಮಾತಾಡುವವಳಂತೆ ವರದಿ ಒಪ್ಪಿಸುತ್ತಿದ್ದೆ. ಚಳಿಗೆ ಬೇಗ ಏಳುವುದಿಲ್ಲ, ಎಡಕ್ಕೆ ಹೊರಳುವಾಗ ಟಕ್ ಅನ್ನುತ್ತದೆ. ಅವನು ಹೂಂ ಹೂಂ ಎಂದು ಕೇಳಿ, ಅದು ಮೊದಲಿನಿಂದಲೂ ಹಾಗೇ, ಸ್ವಲ್ಪ ಸಿಟ್ಟಿನ ಸ್ವಭಾವ ಎನ್ನುತ್ತಿದ್ದ. ನಾನು ದೂರು ಹೇಳಿದರೆ ಅವನಿಗೆ ಸಂತೋಷವಾಗುತ್ತಿತ್ತೋ ಏನೋ. ತನ್ನನ್ನು ಬಿಟ್ಟು ಹೋದವರು ಅಲ್ಲಿ ತೀರ ಸುಖವಾಗಿಲ್ಲ ಎಂದು ತಿಳಿದರೆ ಮನುಷ್ಯನಿಗೆ ಸ್ವಲ್ಪ ಸಮಾಧಾನವಾಗುತ್ತದೆ.

ಕಬ್ಬಿನ ಹಂಗಾಮಿನಲ್ಲಿ ಒಂದು ಮಧ್ಯಾಹ್ನ ಕಾರು ಸಮೀರವಾಡಿಯ ಸಕ್ಕರೆ ಕಾರ್ಖಾನೆ ಕಡೆಯ ರಸ್ತೆಯಲ್ಲಿ ನಿಂತುಬಿಟ್ಟಿತು. ಮುಂದೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು, ಹಿಂದೆಯೂ ಅದೇ ಸಾಲು, ಪ್ರತಿಯೊಂದರಲ್ಲೂ ಬೇರೆ ಬೇರೆ ಹಾಡು. ನಡುವೆ ನಾನು ಮತ್ತು ನನ್ನ ಮನೋರಥ. ಟ್ರ್ಯಾಕ್ಟರಿನಿಂದ ಇಳಿದು ತಳ್ಳಿದವರು ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ, ಯಾರನ್ನಾದರೂ ಕರೆಯಿರಿ ಎಂದು ಹೋದರು. ಯಾಕೋ ಮೆಕ್ಯಾನಿಕನಿಗಿಂತ ಮೊದಲು ಮಹಾಂತೇಶನಿಗೆ ಫೋನು ಮಾಡಿದೆ. ಅವನು ಬಂದ. ಬಂದದ್ದು ಗೀತಾಳ ಸ್ಕೂಟರಿನ ಹಿಂದೆ ಕೂತು. ನಮ್ಮ ಕಡೆ ಹೆಂಡತಿ ಗಾಡಿ ಹೊಡೆದು ಗಂಡ ಹಿಂದೆ ಕೂತರೆ ನೋಡುವವರು ಒಂದು ಸಲ ಹೆಚ್ಚಿಗೆ ನೋಡುತ್ತಾರೆ. ನಾನೂ ನೋಡಿದೆ. ಅವನು ಇಳಿದು ಕಾರಿನ ಮೇಲೆಯೇ ಕಣ್ಣಿಟ್ಟು ಲಗುಬಗೆಯಿಂದ ಬರುತ್ತಿದ್ದ. ಬದಿಯಲ್ಲಿ ನಿಂತಿದ್ದ ಟ್ರೇಲರಿನಿಂದ ಹೊರಚಾಚಿದ ಕಬ್ಬಿನ ಕಂತೆ ಅವನ ಕಿವಿಗೇ ಬಡಿಯಿತು. ಅಷ್ಟು ದೊಡ್ಡ ಕಂತೆ ಕುರುಡನಿಗೂ ಕಾಣುವಂತಿತ್ತು ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುವಷ್ಟರಲ್ಲಿ ಗೀತಾ ಓಡಿ ಬಂದು ಅವನ ತೋಳು ಹಿಡಿದಳು.

ಸಡಿಲಾಗಿದ್ದ ಬ್ಯಾಟರಿಯ ತಂತಿಯನ್ನು ಅವನು ಬಿಗಿಮಾಡುತ್ತಿದ್ದಾಗ ಅವಳು ನನ್ನನ್ನು ಆಚೆ ಕರೆದು ಮೆಲ್ಲಗೆ ಹೇಳಿದಳು.

"ಇವರಿಗೆ ಮುಂದಿಂದು ಕಾಣ್ತೈತ್ರಿ ಅಕ್ಕಾರ. ಬಾಜೂಕಿಂದು ಕಾಣೂದಿಲ್ಲ. ಅದಕ್ಕ ಗಾಡಿ ಮಾರಿದ್ವಿ."

ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಒಣಗುತ್ತ ಬರುವ ಕಾಯಿಲೆಯಂತೆ. ಮಿರಜಿನ ಡಾಕ್ಟರು ಔಷಧವಿಲ್ಲ ಎಂದಿದ್ದರು, ಗಾಡಿ ಹೊಡೆಯಕೂಡದು ಎಂದಿದ್ದರು. ಎಷ್ಟು ದಿನಕ್ಕೆ ಎಷ್ಟು ಹೋಗುತ್ತದೆ ಎಂದು ಯಾರೂ ಹೇಳಲಾರರು. ಸೀರೆಯ ಮೈಮೇಲಿನ ಬುಟ್ಟಾ ನೋಡಿದರೆ ಅವನಿಗೆ ಅದೇ ಹೊತ್ತಿಗೆ ಅಂಚು ಕಾಣುವುದಿಲ್ಲ. ಅಂಚು ನೋಡಲು ಹೋದರೆ ಬುಟ್ಟಾ ಎಲ್ಲಿತ್ತೆಂದು ಮತ್ತೆ ಹುಡುಕಬೇಕು. ಆದರೂ ಕೆಲಸ ಬಿಟ್ಟಿಲ್ಲ. ಕಾರು ಒಂದನ್ನು ಬಿಟ್ಟ. ಅವಳು ಹೇಳುತ್ತಿದ್ದಾಗ ನಾನು ಅವಳ ಅವತ್ತಿನ ಮುಖವನ್ನು ನೆನೆದೆ. ಬಾಗಿಲಲ್ಲಿ ನಾನು ಕಂಡದ್ದು ನಿರಾಳವಲ್ಲ, ಹೆದರಿಕೆ ಇಳಿದ ಮೇಲಿನ ದಣಿವು.

ಆಮೇಲೆ ಅವನು ಫೋನು ಮಾಡಿದಾಗ ನನ್ನಿಂದ ದೂರು ಹೇಳಲಾಗುತ್ತಿರಲಿಲ್ಲ. ಗಾಡಿ ಆರಾಮ ಇದೆ ಎನ್ನುತ್ತಿದ್ದೆ. ಗಾಡಿ ಆರಾಮ ಇರಲಿಲ್ಲ. ಬೇಸಿಗೆ ಬರುವ ಹೊತ್ತಿಗೆ ಮುಂದಿನ ಶಾಕ್ ಅಬ್ಸಾರ್ಬರ್ ಎರಡೂ ಸೋರುತ್ತಿದ್ದವು, ಟೈರುಗಳು ಒಂದೇ ಮಗ್ಗುಲಿಗೆ ಸವೆದಿದ್ದವು. ಮುಧೋಳದ ಮೆಕ್ಯಾನಿಕ್, ಗಾಡಿ ಛಲೋ ಇದೆ, ರಸ್ತೆಯೇ ಅದಕ್ಕೆ ತಕ್ಕದ್ದಲ್ಲ ಎಂದು ಹೇಳಿ ಕೊಟ್ಟ ಅಂದಾಜನ್ನು ನೋಡಿ ನಮ್ಮವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮಾರಿಬಿಡು, ಒಂದು ಸಾದಾ ಕಾರು ಕೊಳ್ಳೋಣ ಎಂದರು. ಅವರು ಸಿಟ್ಟಿನಿಂದ ಅಂದಿದ್ದರೆ ಜಗಳವಾಡಬಹುದಿತ್ತು, ಕರುಣೆಯಿಂದ ಅಂದರು. ವಿಜಯಪುರದವರೊಬ್ಬರು ಇದ್ದ ಹಾಗೆಯೇ ಕೊಳ್ಳಲು ಸಿದ್ಧರಿದ್ದರು. ನಾನು ಒಪ್ಪಿದೆ. ಒಪ್ಪಿದ ದಿನ ಸಂಜೆ ಅಂಗಳಕ್ಕೆ ಹೋಗಿ ಅದರ ಮೇಲಿನ ಬೇವಿನೆಲೆಗಳನ್ನು ಒಂದೊಂದಾಗಿ ತೆಗೆದೆ. ಸುಮ್ಮನೆ ಒಂದು ಬಟ್ಟೆ ಬೀಸಿದ್ದರೆ ಹೋಗುತ್ತಿತ್ತು.

ಮಹಾಂತೇಶನಿಗೆ ತಿಳಿಸದೆ ಮಾರಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಹೇಳಿದೆ. ಆ ಕಡೆ ಅವನು ಮಗ್ಗದ ಸದ್ದಿನಿಂದ ದೂರ ಸರಿದದ್ದು ಕೇಳಿಸಿತು. ಆಮೇಲೆ ಅವನು ಹಿಂದೆಂದೂ ಇಲ್ಲದ ಸಣ್ಣ ದನಿಯಲ್ಲಿ ಕೇಳಿದ.

"ಒಂದ್ ಸಲ ನಾ ಹೊಡೀಲೇನ್ರಿ?"

ರಸ್ತೆಯಲ್ಲಿ ಆಗುವ ಮಾತಲ್ಲ, ಅದು ಅವನಿಗೂ ಗೊತ್ತಿತ್ತು. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸರದಿಗೆ ಕಾದು ನಿಲ್ಲುವ ಒಂದು ದೊಡ್ಡ ಬಯಲು ಅವನ ಪರಿಚಯದವರದಿತ್ತು. ಹಂಗಾಮು ಮುಗಿದು ಅದು ಪೂರಾ ಖಾಲಿಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಅಲ್ಲಿಗೆ ಹೋದೆವು. ನೆಲದ ತುಂಬ ಕಬ್ಬಿನ ಒಣ ಎಲೆಗಳ ರವದಿ, ಸುತ್ತಲೂ ಒಂದು ನಾಯಿ ಕೂಡ ಇಲ್ಲ. ಗೀತಾ ದಂಡೆಯಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ನಾನು ಎಡಗಡೆ ಕೂತು, ಬೇಕಾದರೆ ಎಳೆಯೋಣವೆಂದು ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡೆ.

ಅವನು ಸೀಟನ್ನು ಸ್ವಲ್ಪ ಹಿಂದಕ್ಕೆ ಸರಿಸಿದ. ಮೊದಲ ಸುತ್ತು ಮೆಲ್ಲಗೆ. ಎರಡನೆಯದಕ್ಕೆ ನನ್ನ ಕೈ ಬ್ರೇಕಿನಿಂದ ತಾನಾಗಿ ಎದ್ದು ಮಡಿಲಿಗೆ ಬಂತು. ಗೇರು ಬದಲಾದದ್ದು ಕಿವಿಗೆ ಕೇಳುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ನನ್ನ ಕೈಯಲ್ಲಿ ಕೆಮ್ಮುವ ಎಂಜಿನು ಅವತ್ತು ಕೆಮ್ಮಲಿಲ್ಲ. ಸೋರುವ ಶಾಕ್ ಅಬ್ಸಾರ್ಬರಿನಲ್ಲೇ ಆ ಕಾರು, ಬೆಣ್ಣೆಯಲ್ಲಿ ಚಮಚ ತಿರುಗಿದಂತೆ ತಿರುಗಿತು. ಇಷ್ಟು ದಿನ ನಾನು ಓಡಿಸಿದ್ದು ಯಾವ ಗಾಡಿ ಎಂದು ನನಗೇ ಅನುಮಾನ ಬಂತು. ಅವನ ಮುಖ ನೋಡಿದೆ. ನಗುತ್ತಿರಲಿಲ್ಲ, ಅಳುತ್ತಿರಲಿಲ್ಲ. ಊರಿಗೆ ಬಂದವರು ಮನೆ ಹತ್ತಿರವಾದಾಗ ಮಾತು ನಿಲ್ಲಿಸುತ್ತಾರಲ್ಲ, ಹಾಗಿದ್ದ. ಇನ್ನೂ ಹೊಡೆ ಎಂದು ನಾನೇ ಹೇಳಬೇಕೆಂದುಕೊಂಡಾಗ ಅವನು ಕಾರನ್ನು ಗೀತಾ ನಿಂತ ಕಡೆಗೆ ತಂದು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ.

"ಸಾಕ್ರಿ ಅಕ್ಕಾರ," ಎಂದ. ಕೀಲಿಕೈ ನನ್ನ ಕೈಗಿಡುತ್ತ, "ಆಶಾ ತೀರೇತಿ ಅಂತ ಅಲ್ರಿ. ಸಾಕು."

ಹಿಂದಿರುಗಿ ಅವರ ಮನೆಗೆ ಬಂದೆವು. ಅವನು ಒಳಗೆ ಹೋದ ಮೇಲೆ ಗೀತಾ ಕಾರಿನ ಕಿಟಕಿಗೆ ಕೈಯಿಟ್ಟು ನಿಂತಳು. ನನ್ನನ್ನು ಕಳಿಸಿಕೊಡಲು ನಿಂತಿದ್ದಾಳೆ ಎಂದುಕೊಂಡೆ. ಈ ಕಾರನ್ನು ಕಂಡರೆ ತನಗೆ ಸವತಿಯನ್ನು ಕಂಡಂತಾಗುತ್ತಿತ್ತು ಎಂದಳು. ಅದು ಮನೆ ಬಿಟ್ಟು ಹೋದ ದಿನ ಹಾಯಾಗಿ ನಿದ್ದೆ ಮಾಡಿದೆ ಎಂದಳು. ಆಮೇಲೆ ಬೀದಿಯ ಕಡೆ ನೋಡುತ್ತ ಹೇಳಿದಳು.

"ಮಾರಬ್ಯಾಡ್ರಿ. ದೂರ ಊರಿಗೆ ಹೋದ್ರ ಹೋತು. ಇಲ್ಲೇ ಅಡ್ಡಾಡಾಕತ್ತಿದ್ರ, ಕಾಣೂತನಕರೆ ಇವರು ನೋಡ್ತಾರ."

ನಾನು ಜಮಖಂಡಿಯತನಕ ಬಹಳ ನಿಧಾನವಾಗಿ ಬಂದೆ. ಹಿಂದಿನಿಂದ ಬಂದ ಬಸ್ಸೊಂದು ಹಾರ್ನ್ ಹೊಡೆದು ನನಗೆ ತನ್ನ ಬೆನ್ನು ತೋರಿಸಿಕೊಂಡು ಹೋಯಿತು. ಮನೆಗೆ ಬಂದು ನಮ್ಮವರಿಗೆ ನಡೆದದ್ದನ್ನು ಹೇಳಿದೆ. ವಾದಿಸಲಿಲ್ಲ, ಬಣ್ಣದ ಮಾತೂ ಎತ್ತಲಿಲ್ಲ. ಅವರು ಎಲ್ಲವನ್ನೂ ಕೇಳಿ, ಅಂದಾಜಿನ ಚೀಟಿಯನ್ನು ಮೇಜಿನ ಮೇಲಿಂದ ತೆಗೆದು ಕಿಸೆಯಲ್ಲಿಟ್ಟುಕೊಂಡು, ಬಿಡಿಭಾಗಗಳು ಅಸಲಿಯೋ ಅಲ್ಲವೋ ಎಂದು ನೋಡಲು ಮರುದಿನ ತಾವೇ ಮುಧೋಳಕ್ಕೆ ಹೋದರು. ಶಾಕ್ ಅಬ್ಸಾರ್ಬರನ್ನು ಬೆಳಕಿಗೆ ಹಿಡಿದು ನೋಡಿರಬೇಕು. ವಿಜಯಪುರದವರಿಗೆ ಕ್ಷಮೆ ಕೇಳಿದ್ದು ನಾನು.

ಈಗ ಖರ್ಚು ಕಡಿಮೆಯಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಈ ಜಾತಿಯ ಹಳೆಯ ಕಾರನ್ನು ನಂಬಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ನಂಬಬಾರದು ಎನ್ನುತ್ತೇನೆ. ಅದು ತಿಂಗಳಿಗೊಮ್ಮೆ ಏನಾದರೂ ಕೇಳುತ್ತದೆ, ಕೊಡದಿದ್ದರೆ ಮುನಿಸಿಕೊಂಡು ನಿಲ್ಲುತ್ತದೆ. ಕಡಿಮೆ ಖರ್ಚಿನ ಆಸೆಗಳೂ ಇರಬಹುದು, ನನಗೆ ಸಿಕ್ಕಿಲ್ಲ.

ಕಳೆದ ಮಳೆಗಾಲದಲ್ಲಿ ಹೊಳೆ ತುಂಬಿದೆ ಎಂದು ಕೇಳಿ, ನಾಲ್ವರೂ ಗಲಗಲಿಗೆ ಹೋದೆವು. ನಾನು ಓಡಿಸಿದೆ, ಮಹಾಂತೇಶ ಎಡಗಡೆ ಕೂತ. ದಾರಿಯುದ್ದಕ್ಕೂ ಅವನು ಒಂದು ಸಲವೂ ನನ್ನ ಗೇರು ತಿದ್ದಲಿಲ್ಲ. ಅದಕ್ಕೆ ಎಷ್ಟು ಕಷ್ಟಪಟ್ಟನೋ ಅವನ ಕಾಲಿನ ಬೆರಳುಗಳಿಗೇ ಗೊತ್ತು. ಹೊಳೆಯ ದಂಡೆಯಲ್ಲಿ ನಿಲ್ಲಿಸಿದೆ. ಕೃಷ್ಣೆ ಕೆಂಪಗೆ, ಅಗಲವಾಗಿ, ಅವಸರವಿಲ್ಲದೆ ಹೋಗುತ್ತಿತ್ತು. ಅವನು ನೇರ ನೋಡುತ್ತ, ನಡುವೆ ಒಂದು ಮರದ ದಿಮ್ಮಿ ತೇಲಿ ಹೋಗುತ್ತಿದೆ ಎಂದ. ಹಿಂದೆ ಕೂತ ಗೀತಾ ಮುಂದಕ್ಕೆ ಬಾಗಿ ಅವನ ಭುಜದ ಮೇಲೆ ಗಲ್ಲವಿಟ್ಟು, ಎಡಕ್ಕೆ ದಂಡೆಯಲ್ಲಿ ಎಮ್ಮೆಗಳು ಮೇಯುತ್ತಿವೆ, ಬಲಕ್ಕೆ ಕಬ್ಬಿನೊಳಗೆ ನೀರು ಬಂದಿದೆ, ಒಬ್ಬ ಮುದುಕ ಛತ್ರಿ ಹಿಡಿದು ನಿಂತಿದ್ದಾನೆ ಎಂದು ಎಡಬಲಗಳನ್ನು ಮೆಲ್ಲಗೆ ಹೇಳುತ್ತಾ ಹೋದಳು. ಇಬ್ಬರೂ ಸೇರಿ ಹೊಳೆಯನ್ನು ಪೂರ್ತಿಯಾಗಿ ನೋಡಿದರು. ನಾನು ಎರಡು ಕಣ್ಣಿದ್ದೂ ಅಷ್ಟು ನೋಡಿರಲಿಲ್ಲ.

ಬಹಳ ಹೊತ್ತಾಯಿತು. ಇಳಿದು ಸ್ವಲ್ಪ ಅಡ್ಡಾಡೋಣವೇ ಎಂದೆ. ಆ ಇಕ್ಕಟ್ಟಾದ ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದ ನಮ್ಮವರು, "ಇಳದ್ರ ನಾ ಮತ್ತ ಹತ್ತೂದಿಲ್ಲ. ಮುಂದ ಹೋಗೂದಿದ್ರ ಹೋಗೂಣು," ಎಂದರು.

ಹೋದೆವು.